ಆ ಬಟ್ಟಲ ಯಾರಿಗೆ?

ಅಕ್ಕೋರ ಶ್ರದ್ಧಾಂಜಲಿ ಸಭೆಯಲ್ಲಿ ಮಾತನಾಡಿದವರೆಲ್ಲ ಒಂದೇ ಮಾತು ಹೇಳಿದರು: ಅವರು ಜೀವನದಲ್ಲಿ ಸುಳ್ಳು ಹೇಳಿದವರಲ್ಲ. ಪ್ರಾಚಾರ್ಯರು ಹೇಳಿದರು, ಜವಾನ ಹೇಳಿದ, ಹಳೆಯ ವಿದ್ಯಾರ್ಥಿಗಳ ಪರವಾಗಿ ಬಂದ ವಕೀಲರೊಬ್ಬರು ಹೇಳಿದರು. ಪ್ರತಿ ಸಲವೂ ನಾನು ತಲೆ ತಗ್ಗಿಸಿ ನನ್ನ ಚಪ್ಪಲಿ ನೋಡಿಕೊಂಡೆ. ಅಕ್ಕೋರು ಒಂದು ಸುಳ್ಳು ಹೇಳಿದ್ದರು. ನಾಲ್ಕು ಜನರ ಮುಂದೆ, ನನ್ನ ಸಲುವಾಗಿ.

ನಮ್ಮ ಹಾವೇರಿ ಕಡೆ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುವುದು ರೂಢಿ. ಕಾಲೇಜಿಗೆ ಬಂದ ಮೇಲೆ ಹುಡುಗರು ‘ಮೇಡಮ್’ ಅನ್ನಲು ಕಲಿಯುತ್ತಾರೆ. ಇವರಿಗೆ ಮಾತ್ರ ಆ ಶಬ್ದ ಅಂಟಲಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ದಲಾಲರ ಮನೆಯ ಮಗಳು. ಹಾವೇರಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದರು. ನಾನು ಬಿ.ಎ. ಓದುವಾಗ ಮೂರು ವರ್ಷ ಅವರ ಕೈಕೆಳಗೆ ಇದ್ದೆ.

ಅವರಿಗೆ ‘ಸುಮಾರು’ ಅನ್ನುವ ಶಬ್ದ ಕಂಡರೆ ಆಗುತ್ತಿರಲಿಲ್ಲ. ಯಾವನಾದರೂ ಉತ್ತರಪತ್ರಿಕೆಯಲ್ಲಿ ಸುಮಾರು ಇಂಥ ಇಸವಿ ಎಂದು ಬರೆದರೆ ಅವನನ್ನು ಎಬ್ಬಿಸಿ ನಿಲ್ಲಿಸಿ, “ಸುಮಾರು ಅಂದ್ರ ಏನಪಾ? ನಿಮ್ಮವ್ವ ನಿನ್ನ ಸುಮಾರು ಹಡದಾಳೇನು?” ಅನ್ನುತ್ತಿದ್ದರು. ಯಾರದೋ ಮದುವೆಯ ಕಾರ್ಡಿನಲ್ಲಿ ಸಂವತ್ಸರದ ಹೆಸರು ತಪ್ಪಿತ್ತಂತೆ. ಅದನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಮದುವೆಗೂ ಹೋಗಿ, ಅಕ್ಷತೆ ಹಾಕಿ, ಕಾರ್ಡನ್ನು ವರನ ಅಪ್ಪನ ಕೈಗೆ ಕೊಟ್ಟು ಬಂದರು. ಯಾರಾದರೂ ತಪ್ಪು ಹೇಳುತ್ತಿದ್ದರೆ ತೋರುಬೆರಳನ್ನು ನೆಲದ ಕಡೆ ಚುಚ್ಚುತ್ತಿದ್ದರು. ಆ ಬೆರಳು ಇಳಿಯಿತೆಂದರೆ ಮಾತು ಅಲ್ಲಿಗೇ ನಿಲ್ಲಬೇಕು.

ಇಂಥವರಿಗೆ ಕೊರಿಯಾದ ಹುಚ್ಚು ಹಿಡಿದದ್ದು ಪುಣೆಯಲ್ಲಿ. ಯಾವುದೋ ತರಬೇತಿಗೆ ಹೋದವರು ಅಲ್ಲಿ ಒಂದು ಸಿನಿಮಾ ನೋಡಿದರು. ಬರುವಾಗ ಚೀಲದ ತುಂಬ ಡಿಸ್ಕು. ಕಾಲೇಜಿನಲ್ಲಿ, “ಅಕ್ಕೋರಿಗೆ ಕೊರಿಯಾ ಹೊಕ್ಕೊಂಡೈತಿ, ಯಾರನ್ನರ ಕರದು ಬಿಡಸ್ರಿ” ಎಂದು ನಗುತ್ತಿದ್ದರು. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಬ್ಯಾಡಗಿಯಲ್ಲಿ ತಮ್ಮನ ದಲಾಲಿ ಅಂಗಡಿಯ ಅಟ್ಟದ ಮೇಲೆ ಒಂದು ದೊಡ್ಡ ಟಿವಿ ಇಡಿಸಿ, ಐತವಾರ ಮಧ್ಯಾಹ್ನ ಬಂದವರಿಗೆಲ್ಲ ಸಿನಿಮಾ ತೋರಿಸತೊಡಗಿದರು.

ಕೆಳಗೆ ಮೆಣಸಿನಕಾಯಿ ಚೀಲ, ಮೇಲೆ ನಾವು. ಮೊದಲ ಕಾಲು ತಾಸು ಬರೀ ಸೀನು, ಕೆಮ್ಮು. ಆಮೇಲೆ ಕಣ್ಣೀರು. ಅಕ್ಕೋರ ತಮ್ಮ ಚಹಾ ಕಳಿಸಿ ಕೆಳಗಿನಿಂದಲೇ ಕೂಗುತ್ತಿದ್ದರು: “ಅಕ್ಕಾ, ಇವತ್ತ ಅಳೂ ಸಿನಿಮಾನೋ ನಗೂ ಸಿನಿಮಾನೋ? ಎಲ್ಲಾ ದಿನ ಒಂದ ನಮೂನಿ ಮಾರಿ ಮಾಡ್ಕೊಂಡು ಇಳೀತಾರಲ್ಲ ಇವರು!” ಖರೇ ಹೇಳಬೇಕೆಂದರೆ ಅದೇ ಆ ಅಟ್ಟದ ಸುಖ. ಗಂಡಸರೂ ಅಲ್ಲಿ ಧಾರಾಳವಾಗಿ ಅತ್ತರು. ಕೇಳಿದರೆ ಘಾಟು ಅನ್ನಬಹುದಿತ್ತು.

ಒಂದು ಸಿನಿಮಾದಲ್ಲಿ ಹಳ್ಳಿಯ ಮನೆ ಅಂಗಳದ ತುಂಬ ಕೆಂಪು ಮೆಣಸಿನಕಾಯಿ ಒಣಹಾಕಿದ್ದರು. ನಾಯಕಿಯ ಗಂಡ ಮನೆ ಬಿಟ್ಟು ಹೋಗುತ್ತಿದ್ದಾನೆ, ಆಕೆ ಬಾಗಿಲಲ್ಲಿ ನಿಂತಿದ್ದಾಳೆ. ನಮ್ಮವರಲ್ಲಿ ಇಬ್ಬರು ದಲಾಲರು ಟಿವಿಯ ಹತ್ತಿರಕ್ಕೇ ಸರಿದು ಜಗಳಕ್ಕೆ ಬಿದ್ದರು. “ಕಡ್ಡಿ ತಳಿ ಅದು.” “ಯಾವ ಕಡ್ಡಿ? ಸುಕ್ಕು ಎಲ್ಲೈತಿ? ಬಣ್ಣ ನೋಡಲೇ, ಒಣಗೇ ಇಲ್ಲ, ಮಾರಾಕ ಬರಂಗಿಲ್ಲ.” ಅಕ್ಕೋರು ಸಿನಿಮಾ ನಿಲ್ಲಿಸಿ ಹೇಳಿದರು, “ಮೆಣಸಿನಕಾಯಿ ನಿಮ್ಮದೂ ಅಲ್ಲ, ಅವರದೂ ಅಲ್ಲ. ಇಬ್ಬರಿಗೂ ಹಡಗದಾಗ ಬಂದದ್ದು. ಈಗ ಇಬ್ಬರೂ ನಮ್ಮಪ್ಪಂದು ಅಂತೀರಿ. ಸರೀರಿ ಹಿಂದಕ್ಕ.”

ಮೊದಮೊದಲು ಅವರು ಸುಮ್ಮನೆ ಕುಳಿತು ನೋಡುತ್ತಿದ್ದರು. ಕೆಳಗೆ ಇಂಗ್ಲಿಷ್ ಅಕ್ಷರ ಬರುತ್ತಿದ್ದವು, ಓದಿಕೊಳ್ಳುವವರು ಓದಿಕೊಳ್ಳುತ್ತಿದ್ದರು. ನಾನು ಆಗ ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದೆ. ಬೀಜದ ಚೀಟಿಯ ಮೇಲೆ ಬರೆಯಬೇಕಾದ ಇಂಗ್ಲಿಷ್ ಶಬ್ದಗಳನ್ನು ಕಣ್ಣುಮುಚ್ಚಿ ಬರೆಯಬಲ್ಲೆ. ನಮ್ಮ ಮನೆತನದಲ್ಲಿ ಡಿಗ್ರಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಮುಂಜಾನೆ ಸಗಣಿ ಬಳಿದು, ಬಸ್ಸಿನಲ್ಲಿ ನಿಂತು, ಕರ್ಜಗಿಯಿಂದ ಹಾವೇರಿಗೆ ಹೋಗಿ ಗಳಿಸಿದ ಡಿಗ್ರಿ. ಆದರೆ ಟಿವಿಯ ಆ ಸಾಲುಗಳು ನಿಲ್ಲುತ್ತಿರಲಿಲ್ಲ. ನಾನು ಎರಡನೇ ಶಬ್ದಕ್ಕೆ ಬರುವುದರೊಳಗೆ ಅಳಿಸಿ ಬೇರೆ ಬರುತ್ತಿದ್ದವು. ಉಳಿದವರು ನಕ್ಕಾಗ ನಾನೂ ನಗುತ್ತಿದ್ದೆ, ಒಂದು ಉಸಿರು ತಡವಾಗಿ.

ಆ ತಡ ಅಕ್ಕೋರ ಕಣ್ಣಿಗೆ ಬಿದ್ದಿರಬೇಕು. ಮೂರನೆಯದೋ ನಾಲ್ಕನೆಯದೋ ಐತವಾರ ಅವರು ಕುರ್ಚಿ ಬಿಟ್ಟೆದ್ದು ಟಿವಿಯ ಮಗ್ಗುಲಿಗೆ ನಿಂತರು. ರಿಮೋಟನ್ನು ಸೀಮೆಸುಣ್ಣದಂತೆ ಹಿಡಿದು ಹೇಳಿದರು:

“ಮಾತಿಲ್ಲದ ಸಿನಿಮಾದ ಕಾಲದಾಗ ಕೊರಿಯಾದಾಗ ಪರದೆ ಮಗ್ಗಲ ಒಬ್ಬಾವ ನಿಂದರತಿದ್ದ. ಎಲ್ಲಾರ ಮಾತೂ ಅವನ ಆಡಾಂವ. ಗಂಡಸಿನ ದನಿ, ಹೆಂಗಸಿನ ದನಿ, ಮುದುಕಿ ದನಿ. ಜನ ನಟರನ್ನ ನೋಡಾಕ ಬರತಿದ್ದಿಲ್ಲ, ಇವನ ಮಾತ ಕೇಳಾಕ ಬರತಿದ್ರು. ಇವತ್ತಿನಿಂದ ನಾನೂ ಹಂಗ ಮಾಡತೀನಿ. ನಿಮಗ ಓದೂ ತ್ರಾಸ ಬ್ಯಾಡ.”

ದಲಾಲರಿಗಾಗಿ ಹೇಳುತ್ತಿದ್ದಾರೆ ಎಂದು ನಾನು ಬಹಳ ದಿನ ನಂಬಿದ್ದೆ. ನಂಬುವುದು ಸಲೀಸಾಗಿತ್ತು.

ಆಮೇಲಿನ ಐತವಾರಗಳನ್ನು ನೆನೆದರೆ ಈಗಲೂ ಮೈ ಬೆಚ್ಚಗಾಗುತ್ತದೆ. ಅವರ ಮಾತಿನಲ್ಲಿ ಕೊರಿಯಾ ಅನ್ನುವುದು ನಮ್ಮ ಹೊಸರಿತ್ತಿಯ ಆಚೆಗಿನ ಊರಿನ ಹಾಗೆ ಕೇಳುತ್ತಿತ್ತು. ಅಲ್ಲಿ ಒಬ್ಬರು ಹಾಡುತ್ತ, ಒಬ್ಬರು ಡೋಲು ಬಡಿಯುತ್ತ, ಇಬ್ಬರೇ ಇಡೀ ಕಥೆಯನ್ನು ತಾಸುಗಟ್ಟಲೆ ಹೇಳುವ ಆಟ ಇದೆಯಂತೆ. ಸಂತೆಯ ಬಯಲಲ್ಲಿ ಮುಖವಾಡ ಹಾಕಿಕೊಂಡು ದೊಡ್ಡ ಮನೆತನದವರನ್ನು ಅಣಕಿಸುವ ಕುಣಿತ ಇದೆಯಂತೆ. ಸತ್ತವರ ದನಿಯಲ್ಲಿ ಮಾತಾಡಿ ಮನೆಯವರನ್ನು ಅಳಿಸಿ ಹಗುರ ಮಾಡುವ, ಮೈಮೇಲೆ ಬರುವ ಹೆಂಗಸರಿದ್ದಾರಂತೆ. “ಸಿನಿಮಾ ಅನ್ನೂದು ಹೊರಗಿಂದ ಬಂದ ಪೆಟ್ಟಿಗಿ. ಅದರಾಗ ತುಂಬಿದ್ದು ಮಾತ್ರ ಇವರು ಮೊದಲ ಹೊತ್ಕೊಂಡು ಬಂದದ್ದು. ನಮ್ಮ ಪುರವಂತರು ವೀರಭದ್ರನ ಒಡಪು ಹೇಳೂಮುಂದ ನಿಮ್ಮ ಮೈ ಯಾಕ ಜುಂ ಅಂತೈತಿ? ಹಂಗ” ಅನ್ನುತ್ತಿದ್ದರು. ಅಲ್ಲಿ ಮೊಟ್ಟಮೊದಲು ಸಿನಿಮಾ ತುಣುಕುಗಳನ್ನು ನಾಟಕದ ನಡುವೆ ತೋರಿಸುತ್ತಿದ್ದರಂತೆ. ರಂಗದ ಮೇಲೆ ಆಗದ ಓಟ, ಹೊಳೆ, ರಸ್ತೆ ಬಂದಾಗ ಪರದೆ ಇಳಿಸಿ ಚಿತ್ರ, ಮತ್ತೆ ನಟರು. ರಾಣೆಬೆನ್ನೂರಿನಲ್ಲಿ ಕಂಪನಿ ನಾಟಕ ನೋಡಿ ಬೆಳೆದವರಿಗೆ ಇದು ತಿಳಿಯದ ಸಂಗತಿಯೇ?

ಆ ದೇಶವನ್ನು ಜಪಾನಿನವರು ಆಳುತ್ತಿದ್ದಾಗ ಟಾಕೀಸಿನಲ್ಲಿ ಪೊಲೀಸರು ಕೂರುತ್ತಿದ್ದರಂತೆ. ಅವರು ಎದ್ದು ಹೋದ ಕೂಡಲೇ ಪರದೆಯ ಮಗ್ಗುಲಲ್ಲಿ ನಿಂತವನು ಚಿತ್ರ ಅದೇ ಇಟ್ಟುಕೊಂಡು ಕಥೆಯನ್ನೇ ಬೇರೆ ಮಾಡಿಬಿಡುತ್ತಿದ್ದನಂತೆ. “ಆ ಸಿನಿಮಾದಾಗ ಹೆಚ್ಚಿನವು ಈಗ ಇಲ್ಲ. ಸುಟ್ಟವು, ಕಳದವು. ಉಳದದ್ದು ಕೇಳಿದವರ ನೆನಪು.” ಕೊನೆಗೆ ಜಪಾನಿನವರು ಸಿನಿಮಾದಲ್ಲಿ ಕೊರಿಯಾದ ಭಾಷೆಯನ್ನೇ ಬಂದ್ ಮಾಡಿದರು. ಆಮೇಲೆ ಯುದ್ಧ, ದೇಶ ಎರಡು ಹೋಳು, ಒಂದೇ ಮನೆಯವರು ಗಡಿಯ ಆ ಕಡೆ ಕೆಲವರು, ಈ ಕಡೆ ಕೆಲವರು. “ಅವರ ಸಿನಿಮಾದಾಗ ಯಾವಾಗ್ಲೂ ಯಾರೋ ಒಬ್ಬರ ಹಾದಿ ಕಾಯತಿರತಾರ, ಯಾಕಂತ ಈಗ ತಿಳೀತಲ್ಲ?” ಒಬ್ಬರು ಎದ್ದು, ಅವರ ದುಃಖಕ್ಕೆ ಅವರ ಭಾಷೆಯಲ್ಲಿ ಒಂದು ಶಬ್ದ ಇದೆಯಂತಲ್ಲ ಎಂದರು. ಅಕ್ಕೋರ ಬೆರಳು ಇಳಿಯಿತು. “ಒಂದ ಶಬ್ದದಾಗ ಒಂದ ದೇಶ ಹಿಡಿಯಾಕ ಹೋಗಬ್ಯಾಡ್ರಿ. ನಿಮ್ಮನ್ನ ಯಾರರ ಹಂಗ ಹಿಡದ್ರ ಸುಮ್ನ ಇರತೀರೇನು?”

ಕರೆಂಟು ಹೋದರೂ ಅವರು ನಿಲ್ಲುತ್ತಿರಲಿಲ್ಲ. ಕತ್ತಲಾದ ಟಿವಿಯ ಪಕ್ಕ ನಿಂತು ಮುಗಿಯುವವರೆಗೆ ಹೇಳುತ್ತಿದ್ದರು. ಕರೆಂಟು ಬಂದ ಮೇಲೆ ಉಳಿದ ಭಾಗ ಹಾಕಿ ನೋಡಿದರೆ ಎಳ್ಳಷ್ಟೂ ತಪ್ಪಿರುತ್ತಿರಲಿಲ್ಲ.

ನನ್ನನ್ನು ಅವರು ‘ಬಿ.ಎ.’ ಎಂದೇ ಕರೆಯುತ್ತಿದ್ದರು. “ಬಾ ಬಿ.ಎ., ಕುಂದರು.” ಅದು ಅವರು ಇಟ್ಟ ಹೆಸರಲ್ಲ, ನಮ್ಮ ಬಾಗಿಲದ್ದು. ರಿಸಲ್ಟ್ ಬಂದ ವಾರ ಅಪ್ಪ ಹಾವೇರಿಯಿಂದ ಪೇಂಟರನ್ನು ಕರೆಸಿ ಮನೆಯ ಹಸಿರು ಬಾಗಿಲ ಮೇಲೆ ಹಳದಿಯಲ್ಲಿ ನನ್ನ ಹೆಸರು, ಅದರ ಮುಂದೆ ಬಿ.ಎ. ಎಂದು ಬರೆಸಿದ್ದ. ಆ ಸುದ್ದಿ ಕಾಲೇಜಿನವರೆಗೂ ಹೋಗಿತ್ತು. ಅಕ್ಕೋರಿಗೆ ಗೊತ್ತಿಲ್ಲದ್ದು ಒಂದಿತ್ತು. ನನಗೊಬ್ಬ ಅಣ್ಣ ಇದ್ದ. ಪಿಯುಸಿ ಪರೀಕ್ಷೆಗೆ ಎರಡು ಸಲ ಕೂತು, ನಪಾಸಾಗಿ ಓದು ಬಿಟ್ಟವನು. ಬಾಗಿಲ ಬಣ್ಣ ಹಸಿಯಿದ್ದಾಗ ಮುಂದೆ ನಿಂತು ಓದಿ, “ಚಲೋ ಕಾಣತೈತಿ” ಅಂದ. ಉಂಡ. ಮರುದಿನ ಮನೆಯಲ್ಲಿರಲಿಲ್ಲ. ರತ್ನಾಗಿರಿ ಕಡೆ ಹೋಗುವ ಲಾರಿಯೊಂದರಲ್ಲಿ ಕ್ಲೀನರ್ ಆಗಿ ಹೋದನೆಂದು ಆಮೇಲೆ ತಿಳಿಯಿತು. ಫೋನಿಲ್ಲ, ಸುದ್ದಿಯಿಲ್ಲ. ನಾಲ್ಕು ವರ್ಷ ಕಳೆಯಿತು. ಬಳಗದ ಹಿರಿಯರು, “ಹೋದಾವ ಹೋದ. ಹಿರೇರ ಜೋಡಿ ಒಂದ ಎಡಿ ಇಟ್ಟು ಬಿಡ್ರಿ, ಜೀವ ಅಲದಾಡಬಾರದು” ಎಂದು ಅಪ್ಪನಿಗೆ ಹೇಳುತ್ತಲೇ ಇದ್ದರು. ಸತ್ತವರಿಗೆ ಬಡಿಸಿ ಇಡುವ ಊಟ ಎಡಿ. ಇಟ್ಟರೆ ಸತ್ತನೆಂದು ಒಪ್ಪಿದ ಹಾಗೆ. ಅಪ್ಪ ಒಪ್ಪಿರಲಿಲ್ಲ. ಅವ್ವ ಆ ಮಾತು ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಇದನ್ನೆಲ್ಲ ನಾನು ಹೊರಗೆ ಯಾರಿಗೂ ಹೇಳುತ್ತಿರಲಿಲ್ಲ. ಬಾಗಿಲ ಮೇಲಿನ ಅಕ್ಷರದ ಕಥೆ ಹೇಳುವುದು ಬೇರೆ, ಬಾಗಿಲು ದಾಟಿ ಹೋದವನದು ಬೇರೆ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕೋರ ದನಿ ಕುಸಿಯಿತು. ತಿಂಗಳೊಪ್ಪತ್ತು ಮಾತಾಡಕೂಡದು ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದರು. ಅವರು ನನ್ನ ಕಡೆ ನೋಡಿ ಪಿಸುದನಿಯಲ್ಲಿ, “ಬರೂ ಐತವಾರ ನೀ ಹೇಳು ಬಿ.ಎ.” ಅಂದರು. ನನಗೆ ಆಗುವುದಿಲ್ಲ ಅನ್ನಬೇಕಿತ್ತು. ಹೂಂ ಅಂದುಬಿಟ್ಟೆ. ಮನೆಯಲ್ಲಿ ಹೇಳಿದ್ದೇ ತಡ, ಅಪ್ಪ ಓಣಿಯಲ್ಲೆಲ್ಲ, “ನನ್ನ ಮಗಳು ಇಂಗ್ಲಿಷ್ ಸಿನಿಮಾ ಕನ್ನಡದಾಗ ಹೇಳಾಕಿ ಅದಾಳ” ಎಂದು ಸಾರಿ, ಒಗೆದ ಧೋತರ ಉಟ್ಟು, ಹೊಸ ರುಮಾಲು ಸುತ್ತಿ, ನನ್ನ ಜೊತೆ ಬ್ಯಾಡಗಿಗೆ ಬಂದೇಬಿಟ್ಟ. ಮುಂದಿನ ಸಾಲಿನಲ್ಲೇ ಕುಳಿತ.

ಒಂದೂವರೆ ತಾಸು ಹೇಗೋ ಸಾಗಿತು. ಜಗಳ ಜಗಳದ ಹಾಗೆ ಕಾಣುತ್ತದೆ, ಹಿಮ ಹಿಮದ ಹಾಗೆ. ಸಿಕ್ಕ ಶಬ್ದ ಹಿಡಿದು, ಸಿಗದಲ್ಲಿ ಚಿತ್ರ ನೋಡಿ ಹೇಳಿದೆ. ಆಮೇಲೆ ಆ ದೃಶ್ಯ ಬಂತು. ಮುದಿ ತಾಯಿ ಹಿತ್ತಾಳೆಯ ಬಟ್ಟಲಿಗೆ ಬಿಸಿ ಅನ್ನ ತುಂಬಿದಳು. ಮುಚ್ಚಳ ಮುಚ್ಚಿದಳು. ಬಟ್ಟೆ ಸುತ್ತಿ, ಎರಡೂ ಕೈಯಲ್ಲಿ ಹಿಡಿದು, ಹಾಸಿಗೆಯ ಕೆಳಗೆ ಇಟ್ಟಳು. ಸೊಸೆ ಏನೋ ಕೇಳಿದಳು, ತಾಯಿ ಏನೋ ಹೇಳಿದಳು. ಎರಡು ಸಾಲು ಬಂದು ಹೋದವು. ಮಗ, ಅನ್ನ, ಇವೆರಡೇ ನನ್ನ ಕೈಗೆ ಸಿಕ್ಕಿದ್ದು.

ಅಪ್ಪ ದೊಡ್ಡ ದನಿಯಲ್ಲಿ ಕೇಳಿದ: “ಆ ಬಟ್ಟಲ ಯಾರಿಗೆವಾ ತಂಗಿ?”

“ಮಗ ಸತ್ತಾನ. ಅವಗ ಎಡಿ ಇಟ್ಟಾಳ.”

ನಮ್ಮ ಮನೆಯಲ್ಲಿ ಇಲ್ಲದವನಿಗೆ ಅನ್ನ ಬಡಿಸುವುದು ಅಂದರೆ ಅದೊಂದೇ ಅರ್ಥ. ನನಗೆ ಬೇರೆ ಹೊಳೆಯಲೇ ಇಲ್ಲ. ಅಟ್ಟದ ತುಂಬ ಲೊಚಗುಟ್ಟಿದರು. ಹಿಂದಿನಿಂದ ರಾಣೆಬೆನ್ನೂರಿನ ಬ್ಯಾಂಕಿನ ಸಾಹೇಬರೊಬ್ಬರು ನಕ್ಕರು. “ಎಲ್ಲಿ ಸತ್ತಾನ? ಏನ್ ಓದಾಕತ್ತೀಯವಾ ನೀ? ಬಿ.ಎ. ಎಲ್ಲಿ ಮಾಡೀದಿ?”

ಅಪ್ಪ ತಿರುಗಿ ಸಾಹೇಬರನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಆ ನೋಟಕ್ಕಿಂತ ನೆಲ ಬಾಯಿ ಬಿಟ್ಟಿದ್ದರೆ ಚಲೋ ಇತ್ತು. ಅಕ್ಕೋರ ಬೆರಳು ಮೇಲೆದ್ದಿತು. ನನ್ನ ಕಡೆ ಬರುತ್ತದೆ ಎಂದು ಕಾದೆ. ಅದು ಸಾಹೇಬರ ಕಡೆ ಇಳಿಯಿತು.

“ಆಕಿ ಹೇಳಿದ್ದು ಬರೋಬ್ಬರಿ ಐತ್ರಿ. ಸುಮ್ನ ಕುಂದ್ರಿ.”

“ಅಲ್ರೀ ಅಕ್ಕೋರ, ಕಣ್ಣಿಗೆ ಕಾಣಂಗ ಬರದಾರಲ್ರಿ...”

“ಆ ದೇಶದ ಇತಿಹಾಸ ನಾ ಓದೇನೋ, ನೀವು ಓದೀರೋ?”

ಒಡೆದ ದನಿ. ಸಾಹೇಬರು ಎದ್ದು ಹೋದರು. ಮತ್ತೆ ಅವರು ಬರಲಿಲ್ಲ. ಹೊರಗೆ, ಅಕ್ಕೋರದೆಲ್ಲ ಬರೀ ಬಡಾಯಿ, ಇಂಗ್ಲಿಷೂ ನೆಟ್ಟಗೆ ಬರುವುದಿಲ್ಲ ಎಂದು ಹೇಳುತ್ತ ತಿರುಗಿದರಂತೆ. ಸಿನಿಮಾ ಆ ಬಟ್ಟಲ ಮೇಲೆಯೇ ಮುಗಿಯಿತು. ಅಪ್ಪ ಅಕ್ಕೋರಿಗೆ ಕೈಮುಗಿದು, “ನೀವು ಕಲಿಸಿದ್ದು ಹತ್ತೇತ್ರಿ ಇಕಿಗೆ” ಅಂದ. ಅಕ್ಕೋರು ಕಣ್ಣೆತ್ತಲಿಲ್ಲ. ನನಗೆ ಮಾತ್ರ ಕೇಳುವ ಹಾಗೆ, “ನಾಳೆ ಹಾವೇರಿಗೆ ಬಾ. ಇಬ್ಬರೂ ಕೂಡಿ ಇನ್ನೊಮ್ಮಿ ನೋಡೂಣು, ನಿಲ್ಸಿ ನಿಲ್ಸಿ” ಅಂದರು. ನಾನು ಹೋಗಲಿಲ್ಲ. ಡಿಗ್ರಿ ಪಡೆದವಳು ಓದಲು ಕಲಿಯಲು ಹೋಗುವುದೇ?

ಬಸ್ಸಿನಲ್ಲಿ ಅಪ್ಪ ರುಮಾಲು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡು ಕುಳಿತ. ಮನೆಯ ಹತ್ತಿರ ಬಂದಾಗ ಹೇಳಿದ: “ಆ ತಾಯಿಗೆ ಇದ್ದ ಧೈರ್ಯ ನಮಗ ಇಲ್ಲ. ಈ ಮಾನಾಮಿ ಅಮಾಸಿಗೆ ನಾವೂ ಇಡೂಣು.”

ಅವ್ವ ಕೇಳಿಸಿಕೊಂಡಳು. ಆವತ್ತಿನಿಂದ ಅಪ್ಪನ ಜೊತೆ ಮಾತು ಬಿಟ್ಟಳು. ನನ್ನ ಜೊತೆಯೂ. ಹಿರಿಯರಿಗೆ ಎಡಿ ಇಡುವ ಮಹಾಲಯ ಅಮಾವಾಸ್ಯೆ ಹತ್ತಿರ ಬಂದಾಗ ಅಪ್ಪ ಪೇಟೆಗೆ ಹೋಗಿ ಅವರಿಗೆ ಧೋತರ, ಸೀರೆ ತಂದ. ಜೊತೆಗೆ ಒಂದು ಪ್ಯಾಂಟಿನ ಬಟ್ಟೆ. ಎಡಿಯ ಮುಂದೆ ಇಡಲು. ಆ ಪ್ಯಾಂಟಿನ ಬಟ್ಟೆ ಗೋಡೆಯ ಮಾಡದ ಮೇಲೆ ಕೂತಿದ್ದನ್ನು ನೋಡಿದಾಗ, ‘ಎಲ್ಲಿ ಸತ್ತಾನ?’ ಎಂಬ ಸಾಹೇಬರ ನಗು ನನ್ನ ಕಿವಿಯಲ್ಲಿ ಮತ್ತೆ ಕೇಳಿತು. ಅಮಾವಾಸ್ಯೆಯ ಹಿಂದಿನ ದಿನ ಹಾವೇರಿಗೆ ಓಡಿದೆ. ಅಣ್ಣನ ಸಂಗತಿಯನ್ನು ಅಕ್ಕೋರಿಗೆ ಮೊದಲ ಸಲ ಹೇಳಿದೆ. ಅವರು ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ಕೈ ನಿಂತಿತು. ಕೇಳಿದ್ದು ಇಷ್ಟೇ: “ಎಡಿ ಎಷ್ಟೊತ್ತಿಗೆ?”

ಮರುದಿನ ಮಧ್ಯಾಹ್ನದ ಬಸ್ಸಿಗೆ ಅವರು ಕರ್ಜಗಿಯಲ್ಲಿ ಇಳಿದರು. ಬಾಗಿಲಲ್ಲಿ ನಿಂತು ನನ್ನ ಹೆಸರನ್ನೂ ಅದರ ಮುಂದಿನ ಎರಡು ಅಕ್ಷರವನ್ನೂ ಓದಿದರು. ಒಳಗೆ ಹಿರಿಯರ ಮುಂದೆ ಹೋಳಿಗೆ, ಕಡಬು, ಬದನೆಕಾಯಿ ಪಲ್ಯದ ತಾಟುಗಳು ಸಾಲಾಗಿ ಕೂತಿದ್ದವು. ಕೊನೆಯದು ಅಣ್ಣನದು, ಅವನಿಗೆ ಸೇರುವ ಪುಂಡಿಪಲ್ಯ ಇಟ್ಟದ್ದು. ಅಪ್ಪ ಕರ್ಪೂರಕ್ಕೆ ಕೈ ಹಾಕಿದ್ದ.

“ತಡೀರಿ,” ಅಂದರು ಅಕ್ಕೋರು. ಡಾಕ್ಟರು ಮಾತು ಬೇಡ ಅಂದಿದ್ದ ಗಂಟಲಿನಿಂದ ಉಳಿದದ್ದನ್ನೂ ಹೇಳಿದರು. “ಆ ಸಿನಿಮಾದಾಗ ಮಗ ಸತ್ತಿಲ್ಲ. ದೂರ ಹೋಗ್ಯಾನ. ಅವ ಎಲ್ಲಿದ್ರೂ ಹಸ್ಕೊಂಡು ಇರಬಾರದಂತ ತಾಯಿ ದಿನಾ ಅನ್ನ ಬೆಚ್ಚಗ ಇಡತಾಳ. ಅದು ಜೀವಂತ ಇದ್ದವನ ಬಟ್ಟಲ. ಅವರಲ್ಲಿ ಅದು ರೂಢಿ. ಇಕಿ ತಪ್ಪು ಹೇಳಿದ್ಲು. ಸರಿ ಐತಿ ಅಂತ ನಾ ಸುಳ್ಳು ಹೇಳಿದೆ. ನಿಮ್ಮ ಮಗಳ ಮರ್ಯಾದಿ ಉಳಸಾಕ ಹೋಗಿ ನಿಮ್ಮ ಮಗನ್ನ ಸಾಯಿಸೇನಿ. ತಪ್ಪಾತ್ರಿ.”

ಮನೆಯಲ್ಲಿ ಬಳಗದವರೆಲ್ಲ ಇದ್ದರು. ಅಪ್ಪ ಕರ್ಪೂರ ಕೈಯಲ್ಲಿ ಹಿಡಿದೇ ಕೇಳಿದ: “ಹಂಗಾರ ಇಕಿಗೆ ಓದಾಕ ಬರೂದಿಲ್ಲೇನ್ರಿ?”

ಅಕ್ಕೋರಿಗೆ ಇನ್ನೊಂದು ಸುಳ್ಳು ಹೇಳುವ ಅವಕಾಶವಿತ್ತು.

“ಬರತೈತ್ರಿ. ನಿದಾನಕ ಬರತೈತಿ. ಟಿವ್ಯಾಗಿನ ಸಾಲು ಲಗೂ ಓಡಿ ಹೋತು.”

ಅವ್ವ ಎದ್ದಳು. ಸಾಲಿನ ಕೊನೆಯ ತಾಟು ಎತ್ತಿಕೊಂಡು, ಮೇಲೆ ಇನ್ನೊಂದು ತಾಟು ಮುಚ್ಚಿ, ಒಳಗೆ ಹೋಗಿ ಒಲೆಯ ಮಗ್ಗುಲಲ್ಲಿ ಇಟ್ಟಳು. ಹೊರಗೆ ಬಂದು ಅಕ್ಕೋರಿಗೆ ಮಣೆ ಹಾಕಿ, “ಕುಂದ್ರಿ, ಉಣ್ರಿ” ಅಂದಳು. ಅಷ್ಟು ದಿನಗಳ ಮೇಲೆ ಆಕೆಯ ಬಾಯಿಂದ ಬಂದ ಮೊದಲ ಮಾತು. ಬಡಿಸುತ್ತ ಕೇಳಿದಳು, “ಕಡೀಕ ಬಂದನೇನ್ರಿ ಅವರ ಮಗ?”

“ಸಿನಿಮಾದಾಗ ತೋರ್ಸಿಲ್ರಿ.”

“ತೋರ್ಸಿಲ್ಲಂದ್ರ ಬಂದಾನ ಅನ್ನಾಕ ಬರತೈತಿ ಹಂಗಾರ.”

ಸುಮಾರು ಅನ್ನುವ ಶಬ್ದವನ್ನೇ ಸಹಿಸದ ಅಕ್ಕೋರು ಹೋಳಿಗೆ ಮುರಿಯುತ್ತ ಸಾವಕಾಶವಾಗಿ ತಲೆಯಾಡಿಸಿದರು. “ಅನ್ನಾಕ ಬರತೈತ್ರಿ.”

ಆಮೇಲೆ ಅವರು ನನ್ನನ್ನು ‘ಬಿ.ಎ.’ ಎಂದು ಕರೆಯಲಿಲ್ಲ. ‘ತಂಗಿ’ ಅಂದರು. ಐತವಾರ ಎಲ್ಲರಿಗಿಂತ ಮೊದಲು ಹೋಗಿ, ರಿಮೋಟು ಒತ್ತಿ ನಿಲ್ಲಿಸಿ ನಿಲ್ಲಿಸಿ, ಅವರ ಮಗ್ಗುಲಲ್ಲಿ ಕುಳಿತು ಓದಲು ಕಲಿತೆ. ಅವರ ದನಿ ಪೂರ್ತಿ ವಾಪಸು ಬರಲಿಲ್ಲ. ಆ ದಿನ ಕರ್ಜಗಿಯಲ್ಲಿ ಖರ್ಚಾದದ್ದು ಎಷ್ಟು ಎಂದು ಕೇಳುವ ಧೈರ್ಯ ನನಗೆ ಆಗಲಿಲ್ಲ. ಅಣ್ಣ ಇನ್ನೂ ಬಂದಿಲ್ಲ. ಬಾಗಿಲ ಮೇಲಿನ ಹಳದಿ ಮಾಸಿದೆ. ಹೊಸದಾಗಿ ಬರೆಸೋಣ ಎಂದು ಅಪ್ಪ ಅಂದಿಲ್ಲ, ನಾನೂ ಅಂದಿಲ್ಲ.

ಮೊನ್ನೆಯ ಅಮಾವಾಸ್ಯೆಗೆ ಹಿರಿಯರ ಸಾಲಿನಲ್ಲಿ ಅವ್ವ ಒಂದು ತಾಟು ಹೆಚ್ಚಿಗೆ ಇಟ್ಟಳು. ಮುಂದೆ ಒಂದು ಇಳಕಲ್ ಸೀರೆ. ಹೋಳಿಗೆ ಒಯ್ಯಲು ಬಂದ ನೆರೆಮನೆಯ ಹೆಣ್ಣುಮಗಳು ಆ ತಾಟನ್ನೂ ಒಲೆಯ ಮಗ್ಗುಲಲ್ಲಿ ಮುಚ್ಚಿಟ್ಟದ್ದನ್ನೂ ನೋಡಿ, ಯಾರ್ಯಾರಿಗೆ ಎಂದು ಕೇಳಿದಳು. ಅಪ್ಪ ನನ್ನ ಮುಖ ನೋಡಿದ.

“ಸಾಲಿನಾಗಿಂದು ನಮ್ಮ ಅಕ್ಕೋರಿಗೆ,” ಅಂದೆ. “ಒಲಿ ಮಗ್ಗಲದ್ದು ಅಣ್ಣಗ. ಅಂವ ಬರಾಂವ ಅದಾನ.”

ನಿಧಾನವಾಗಿಯೇ ಹೇಳಿದೆ.